ಬೇಡ ಎನ್ನುವ ಹಕ್ಕು: ರಾಕ್ ಹಾಡು, ಜಾಹೀರಾತು ಮತ್ತು ಅಭಿಮಾನಿಯ ಸಿಟ್ಟು

2007ರ ಮೇ ತಿಂಗಳಲ್ಲಿ ಷಿಕಾಗೋದ ರಾಕ್ ಬ್ಯಾಂಡ್ ವಿಲ್ಕೋ 'ಸ್ಕೈ ಬ್ಲೂ ಸ್ಕೈ' ಎಂಬ ಆಲ್ಬಮ್ ಹೊರತಂದಿತು. ಅದೇ ಹೊತ್ತಿಗೆ ಅಮೆರಿಕದ ಟೀವಿಯಲ್ಲಿ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತುಗಳ ಹಿನ್ನೆಲೆಯಲ್ಲಿ ವಿಲ್ಕೋ ಹಾಡುಗಳು ಕೇಳಿಬರತೊಡಗಿದವು. ಬ್ಯಾಂಡ್ ಕಾರು ಕಂಪನಿಗೆ ಒಂದಲ್ಲ, ಹಲವು ಹಾಡುಗಳನ್ನು ಕೊಟ್ಟಿತ್ತು. ಅಭಿಮಾನಿಗಳಲ್ಲಿ ಅನೇಕರು ಕೆರಳಿದರು. ಇವರೂ ತಮ್ಮನ್ನು ಮಾರಿಕೊಂಡರು ಎಂದರು. ಅಷ್ಟು ನೋವಾಗಲು ಕಾರಣವಿತ್ತು. 2001ರಲ್ಲಿ ಇದೇ ಬ್ಯಾಂಡಿನ 'ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್' ಆಲ್ಬಮನ್ನು ಅವರ ರೆಕಾರ್ಡ್ ಕಂಪನಿ ಬೇಡವೆಂದಿತ್ತು. ಹಾಡುಗಳನ್ನು ತಿದ್ದಲು ಒಪ್ಪದ ಬ್ಯಾಂಡ್, ಮೂಲ ಮುದ್ರಣವನ್ನು ಕೈಯಲ್ಲಿ ಹಿಡಿದು ಹೊರಬಂದು, ಇಡೀ ಆಲ್ಬಮನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆಯಾಗಿ ಕೇಳಿಸಿತ್ತು. ಕಂಪನಿಯೆದುರು ಹಟ ಹಿಡಿದು ಗೆದ್ದವರೆಂದೇ ಅಭಿಮಾನಿಗಳು ಅವರನ್ನು ಮೆಚ್ಚಿದ್ದರು. ಅಂಥವರ ದನಿ ಕಾರು ಮಾರಲು ನಿಂತಿತಲ್ಲ ಎಂಬುದೇ ಅವರ ಸಂಕಟ. ಬ್ಯಾಂಡ್ ಕೊಟ್ಟ ಉತ್ತರ ಸರಳವಾಗಿತ್ತು: ರೇಡಿಯೊ ಕೇಂದ್ರಗಳು ನಮ್ಮಂಥವರ ಹಾಡು ಹಾಕುವುದು ಕಷ್ಟವಾಗಿದೆ, ಜನರನ್ನು ತಲುಪಲು ಇದೂ ಒಂದು ದಾರಿ, ಜೊತೆಗೆ ಆ ಕಾರನ್ನು ನಮ್ಮಲ್ಲೇ ಕೆಲವರು ಓಡಿಸುತ್ತೇವೆ.

ಇಂಥ ಪ್ರಸಂಗಗಳಲ್ಲಿ ಎರಡು ತೀರ್ಪುಗಳು ಸಿದ್ಧವಾಗಿಯೇ ಇರುತ್ತವೆ. ಕಲಾವಿದರು ದುಡ್ಡಿಗೆ ಬಿದ್ದರು ಎಂಬುದು ಒಂದು. ಹಾಡು ಅವರದ್ದು, ಕೇಳುಗರಿಗೇನು ಉಸಾಬರಿ ಎಂಬುದು ಇನ್ನೊಂದು. ಎರಡೂ ವಿಷಯದ ತಿರುಳನ್ನು ಮುಟ್ಟುವುದಿಲ್ಲ. ಅಭಿಮಾನಿಯ ಸಿಟ್ಟಿನಲ್ಲಿ ನ್ಯಾಯವಿದೆ, ಆದರೆ ಅದು ಬಹಳ ಸಲ ತಪ್ಪು ಬಾಗಿಲನ್ನು ತಟ್ಟುತ್ತದೆ. ಬ್ಯಾಂಡ್ ದುಡ್ಡು ತೆಗೆದುಕೊಂಡಿತೇ ಎಂಬುದಕ್ಕಿಂತ, ಆ ಹಾಡನ್ನು ಕೊಡುವ ಅಥವಾ ಕೊಡದಿರುವ ತೀರ್ಮಾನ ಯಾರ ಕೈಯಲ್ಲಿತ್ತು ಎಂಬುದೇ ದೊಡ್ಡ ಪ್ರಶ್ನೆ. ಇದು ತಿಳಿಯಬೇಕಾದರೆ ಒಂದು ಹಾಡು ಜಾಹೀರಾತಿಗೆ ಬರುವ ಬಗೆಯನ್ನು ಮೊದಲು ನೋಡಬೇಕು.

ಧ್ವನಿಮುದ್ರಿತವಾದ ಪ್ರತಿ ಹಾಡಿನಲ್ಲೂ ಎರಡು ಆಸ್ತಿಗಳಿವೆ. ಸಾಹಿತ್ಯ ಮತ್ತು ಸ್ವರಸಂಯೋಜನೆ ಒಂದು. ಇದರ ಹಕ್ಕು ಸಾಮಾನ್ಯವಾಗಿ ಪ್ರಕಾಶನ ಸಂಸ್ಥೆಯ ಬಳಿ ಇರುತ್ತದೆ. ಸ್ಟುಡಿಯೊದಲ್ಲಿ ಮುದ್ರಿಸಿದ ಧ್ವನಿ ಎರಡನೆಯದು. ಇದು ಹೆಚ್ಚಾಗಿ ರೆಕಾರ್ಡ್ ಕಂಪನಿಯ ಸ್ವತ್ತು. ಜಾಹೀರಾತಿನ ದೃಶ್ಯಕ್ಕೆ ಹಾಡನ್ನು ಜೋಡಿಸಬೇಕಾದರೆ ಇಬ್ಬರ ಒಪ್ಪಿಗೆಯೂ ಬೇಕು, ಇಬ್ಬರಿಗೂ ಹಣ ಕೊಡಬೇಕು. ಹಾಡಿದವರ ಒಪ್ಪಿಗೆ ಬೇಕೇ ಬೇಕು ಎಂಬ ನಿಯಮ ಮಾತ್ರ ಇಲ್ಲ. ಅದು ಅವರ ಕರಾರಿನಲ್ಲಿ ಬರೆದಿದ್ದರೆ ಉಂಟು, ಇಲ್ಲವಾದರೆ ಇಲ್ಲ. 1987ರಲ್ಲಿ ಬೀಟಲ್ಸ್‌ನ 'ರೆವಲ್ಯೂಷನ್' ಹಾಡು ನೈಕಿ ಬೂಟಿನ ಜಾಹೀರಾತಿಗೆ ಬಂದದ್ದು ಹೀಗೆಯೇ. ಬೀಟಲ್ಸ್ ಹಾಡುಗಳ ಪ್ರಕಾಶನ ಹಕ್ಕನ್ನು 1985ರಲ್ಲಿ 4.75 ಕೋಟಿ ಡಾಲರಿಗೆ ಕೊಂಡಿದ್ದವರು ಮೈಕೆಲ್ ಜಾಕ್ಸನ್. ಮುದ್ರಣದ ಹಕ್ಕು ಇಎಂಐ ಸಮೂಹದ ಕ್ಯಾಪಿಟಲ್ ರೆಕಾರ್ಡ್ಸ್ ಬಳಿ ಇತ್ತು. ನೈಕಿ ಇಬ್ಬರಿಗೂ ಹಣ ಕಟ್ಟಿತು, ಜಾನ್ ಲೆನನ್ ಅವರ ಪತ್ನಿ ಯೋಕೊ ಓನೊ ಕೂಡ ಒಪ್ಪಿದ್ದರು. ಬದುಕಿದ್ದ ಮೂವರು ಬೀಟಲ್ಸ್ ಮಾತ್ರ ಒಪ್ಪಿರಲಿಲ್ಲ. ಅವರ ಆ್ಯಪಲ್ ಸಂಸ್ಥೆ 1.5 ಕೋಟಿ ಡಾಲರ್ ಪರಿಹಾರ ಕೇಳಿ ದಾವೆ ಹೂಡಿತು. 1988ರಲ್ಲಿ ಜಾಹೀರಾತು ನಿಂತಿತು, ಆಮೇಲೆ ದಾವೆ ರಾಜಿಯಾಯಿತು. 1968ರಲ್ಲಿ, ಊರೂರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಿದ್ದ ವರ್ಷದಲ್ಲಿ, ಕ್ರಾಂತಿಯ ಬಗ್ಗೆ ಲೆನನ್ ತಮ್ಮೊಳಗಿನ ತಳಮಳವನ್ನೇ ಹಾಡಾಗಿಸಿದ್ದರು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅದು ಗಾಳಿ ತುಂಬಿದ ಅಟ್ಟೆಯ ಬೂಟಿಗೆ ಹಿನ್ನೆಲೆಯಾಯಿತು, ಅದನ್ನು ತಡೆಯುವ ಕೀಲಿಕೈ ಹಾಡಿದವರ ಬಳಿ ಇರಲಿಲ್ಲ.

ಹಾಡಿಗೆ ಇದರಿಂದ ಆಗುವ ಕೇಡೇನು, ಹಳೆಯ ರೆಕಾರ್ಡ್ ಮನೆಯಲ್ಲಿ ಹಾಗೆಯೇ ಇದೆಯಲ್ಲ ಎಂದು ಕೇಳಬಹುದು. ಕಂಪನಿಗಳು ಕೊಡುವ ಬೆಲೆಯಲ್ಲೇ ಇದಕ್ಕೆ ಉತ್ತರವಿದೆ. ಬಾಡಿಗೆ ಸಂಗೀತಗಾರರಿಂದ ಹೊಸ ಧಾಟಿ ಮಾಡಿಸಿದರೆ ಬಹಳ ಅಗ್ಗ. ಆದರೂ ಲಕ್ಷಾಂತರ ಡಾಲರ್ ತೆತ್ತು ಹೆಸರಾದ ಹಾಡನ್ನೇ ತರುವುದೇಕೆ? ಹಾಡಿನ ಮೇಲೆ ಜನರಿಗಿರುವ ಪ್ರೀತಿ ಸರಕಿನ ಮೇಲೂ ಹರಿಯಲಿ ಎಂದು. 1982ರಲ್ಲಿ ಜೆರಾಲ್ಡ್ ಗೋರ್ನ್ ಎಂಬ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗ ಈ ವಿಷಯದಲ್ಲಿ ಪ್ರಸಿದ್ಧ. ವಿದ್ಯಾರ್ಥಿಗಳಿಗೆ ಸಂಗೀತ ಕೇಳಿಸುತ್ತ ಒಂದು ಪೆನ್ನಿನ ಚಿತ್ರ ತೋರಿಸಿದರು. ಕೆಲವರಿಗೆ ತಿಳಿನೀಲಿ ಪೆನ್ನು, ಕೆಲವರಿಗೆ ಮಾಸಲು ಕಂದು. ಆಮೇಲೆ ಬೇಕಾದ ಬಣ್ಣದ ಪೆನ್ನನ್ನು ಆಯ್ದುಕೊಳ್ಳಲು ಬಿಟ್ಟರು. ಇಷ್ಟದ ಸಂಗೀತವಾಗಿ 'ಗ್ರೀಸ್' ಚಿತ್ರದ ಹಾಡು ಕೇಳಿದವರಲ್ಲಿ ಐವರಿಗೆ ಸುಮಾರು ನಾಲ್ವರು ಚಿತ್ರದಲ್ಲಿ ಕಂಡ ಬಣ್ಣವನ್ನೇ ಆರಿಸಿದರು. ಇಷ್ಟವಾಗದ ಸಂಗೀತವೆಂದು ಭಾರತೀಯ ಶಾಸ್ತ್ರೀಯ ಸಂಗೀತ ಕೇಳಿಸಿಕೊಂಡವರಲ್ಲಿ ಬಹುಪಾಲು ಮಂದಿ ಬೇರೆ ಬಣ್ಣಕ್ಕೆ ಹೋದರು. ಮುಂದೆ ಇದೇ ಪ್ರಯೋಗ ಮಾಡಿದವರೆಲ್ಲರಿಗೂ ಇಷ್ಟು ಸ್ಪಷ್ಟ ಫಲ ಸಿಗಲಿಲ್ಲ. ಆದರೂ ಜಾಹೀರಾತು ಉದ್ಯಮ ಈ ನಂಬಿಕೆಯ ಮೇಲೆಯೇ ಹಣ ಹೂಡುತ್ತ ಬಂದಿದೆ. ಹಾಡಿನ ಭಾವ ಸರಕಿಗೆ ಅಂಟುತ್ತದೆ ಎಂದು ನಂಬಿ ದುಡ್ಡು ಕೊಡುವವರು, ಸರಕಿನ ವಾಸನೆ ಹಾಡಿಗೆ ಅಂಟುವುದಿಲ್ಲ ಎಂದು ವಾದಿಸಲಾರರು. ಅಂಟುವ ಗುಣ ಒಂದೇ ದಿಕ್ಕಿನದಲ್ಲ. ಮೂವತ್ತು ಸೆಕೆಂಡಿನ ತುಣುಕನ್ನು ಮತ್ತೆ ಮತ್ತೆ, ಕೇಳುಗ ಕೇಳದಿದ್ದರೂ, ತಿಂಗಳುಗಟ್ಟಲೆ ಬಡಿದರೆ ಆ ಹಾಡು ಎಲ್ಲಿ ಶುರುವಾದರೂ ಮನಸ್ಸಿಗೆ ಮೊದಲು ಬರುವುದು ಕಾರೇ. ಗಾಯಕ ಟಾಮ್ ವೇಟ್ಸ್ 2002ರಲ್ಲಿ 'ದ ನೇಷನ್' ಪತ್ರಿಕೆಗೆ ಬರೆದ ಕಾಗದದಲ್ಲಿ, ಕಂಪನಿಗಳು ಅಪಹರಿಸಲು ನೋಡುವುದು ಜನರ ನೆನಪುಗಳನ್ನೇ ಎಂಬ ಅರ್ಥದ ಮಾತು ಹೇಳಿದ್ದರು. ಅಭಿಮಾನಿ ಕಳೆದುಕೊಳ್ಳುವುದು ಅದನ್ನೇ.

ಆ ಕಾಗದ ಬರೆದದ್ದು ಜಾನ್ ಡೆನ್ಸ್‌ಮೋರ್ ಅವರಿಗೆ ಬೆಂಬಲವಾಗಿ. ಇವರು ಲಾಸ್ ಏಂಜಲೀಸಿನ 'ದ ಡೋರ್ಸ್' ಬ್ಯಾಂಡಿನ ಡ್ರಮ್ ವಾದಕ. ಆ ಬ್ಯಾಂಡಿನ ಒಳಗಿನ ಏರ್ಪಾಡು ಅಪರೂಪದ್ದು. ಬರುವ ಹಣವೆಲ್ಲ ನಾಲ್ವರಿಗೂ ಸಮಪಾಲು. ಯಾವ ತೀರ್ಮಾನಕ್ಕೂ ನಾಲ್ವರೂ ಒಪ್ಪಬೇಕು, ಒಬ್ಬ ಬೇಡವೆಂದರೆ ಅಲ್ಲಿಗೆ ಮುಗಿಯಿತು. 1968ರಲ್ಲಿ ಬ್ಯೂಯಿಕ್ ಕಾರು ಕಂಪನಿ 'ಲೈಟ್ ಮೈ ಫೈರ್' ಹಾಡನ್ನು ಕೇಳಿಕೊಂಡು ಬಂತು. ಗಾಯಕ ಜಿಮ್ ಮಾರಿಸನ್ ಊರಲ್ಲಿರಲಿಲ್ಲ, ಉಳಿದ ಮೂವರು ಒಪ್ಪಿಬಿಟ್ಟರು. ಹಿಂತಿರುಗಿದ ಮಾರಿಸನ್ ಕಿಡಿಕಿಡಿಯಾದರು. ಈ ಜಾಹೀರಾತು ಬಂದರೆ ವೇದಿಕೆಯ ಮೇಲೆ ಬ್ಯೂಯಿಕ್ ಕಾರನ್ನು ಸುತ್ತಿಗೆಯಿಂದ ಪುಡಿ ಮಾಡುತ್ತೇನೆ ಎಂದರು. ಆ ಹಾಡಿನ ಬಹುಭಾಗವನ್ನು ಬರೆದವರು ಗಿಟಾರ್ ವಾದಕ ರಾಬಿ ಕ್ರೀಗರ್, ಮಾರಿಸನ್ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಬರೆದವರು ಒಪ್ಪಿದ್ದರೂ ಹಾಡಿದವರು ಒಪ್ಪದ್ದರಿಂದ ಯೋಜನೆ ಬಿದ್ದುಹೋಯಿತು. ಮಾರಿಸನ್ 1971ರಲ್ಲಿ ತೀರಿಕೊಂಡರು. ಮೂವತ್ತು ವರ್ಷಗಳ ಬಳಿಕ ಕ್ಯಾಡಿಲಾಕ್ ಕಂಪನಿ ಇನ್ನೊಂದು ಹಾಡಿಗಾಗಿ ಬಂದಾಗ ಮೊತ್ತ 1.5 ಕೋಟಿ ಡಾಲರಿಗೆ ಏರಿತ್ತು. ಇಬ್ಬರು ಒಪ್ಪಿದರು, ಡೆನ್ಸ್‌ಮೋರ್ ಬೇಡವೆಂದರು. ಹಿಂದೊಮ್ಮೆ ಬ್ರಿಟನ್ನಿನಲ್ಲಿ ಟೈರಿನ ಜಾಹೀರಾತಿಗೆ 'ರೈಡರ್ಸ್ ಆನ್ ದ ಸ್ಟಾರ್ಮ್' ಹಾಡನ್ನು ಕೊಡಲು ಒಪ್ಪಿ, ಮನಸ್ಸು ತಡೆಯದೆ ತಮ್ಮ ಪಾಲಿನ ಹಣವನ್ನು ದಾನ ಕೊಟ್ಟವರು ಅವರು. ಬ್ಯಾಂಡಿನ ಹೆಸರು ಬಳಸುವ ವಿಚಾರಕ್ಕೆ 2003ರಲ್ಲಿ ಅವರು ಹೂಡಿದ ದಾವೆಯಲ್ಲಿ ಈ ನಿರಾಕರಣೆಯನ್ನೇ ಅವರ ಮೇಲಿನ ಆರೋಪವಾಗಿ ತಿರುಗಿಸಿ, 4 ಕೋಟಿ ಡಾಲರಿನ ಪ್ರತಿದಾವೆ ಹಾಕಲಾಯಿತು. ಕಡೆಗೆ ಗೆದ್ದವರು ಡೆನ್ಸ್‌ಮೋರ್. ಅದೇ ವರ್ಷಗಳಲ್ಲಿ ಕ್ಯಾಡಿಲಾಕ್ ಜಾಹೀರಾತಿನಲ್ಲಿ ಲೆಡ್ ಜೆಪ್ಲಿನ್ ಹಾಡು ಮೊಳಗುತ್ತಿತ್ತು. ಒಂದು ಬ್ಯಾಂಡ್ ಕೊಟ್ಟಿತು, ಒಂದು ಕೊಡಲಿಲ್ಲ. ಎರಡೂ ಕಡೆ ತೀರ್ಮಾನಿಸಿದವರು ಆ ಹಾಡನ್ನು ಕಟ್ಟಿದವರೇ ಎಂಬುದು ಇಲ್ಲಿ ಮುಖ್ಯ.

ರಾಕ್ ಸಂಗೀತ ಹುಟ್ಟಿನಿಂದಲೇ ವ್ಯಾಪಾರ, ಈಗ ಮಡಿವಂತಿಕೆ ಏಕೆ ಎಂಬ ಆಕ್ಷೇಪವಿದೆ. ಅದಕ್ಕೆ ಪುರಾವೆಯೂ ಉಂಟು. ರೋಲಿಂಗ್ ಸ್ಟೋನ್ಸ್ 1964ರಲ್ಲಿಯೇ ಬ್ರಿಟನ್ನಿನಲ್ಲಿ ರೈಸ್ ಕ್ರಿಸ್ಪೀಸ್ ಎಂಬ ಬೆಳಗಿನ ತಿಂಡಿಗೆ ಜಾಹೀರಾತು ಹಾಡು ಮಾಡಿಕೊಟ್ಟಿತ್ತು. ಸ್ಯಾನ್‌ಫ್ರಾನ್ಸಿಸ್ಕೋದ ಹಿಪ್ಪಿ ಕಾಲದ ಜೆಫರ್ಸನ್ ಏರ್‌ಪ್ಲೇನ್ ಬ್ಯಾಂಡ್ 1967ರಲ್ಲಿ ಲೀವೈಸ್ ಪ್ಯಾಂಟಿಗೆ ಹಾಡಿತ್ತು. ಆದರೆ ಇವು ಜಾಹೀರಾತಿಗೆಂದೇ ಹುಟ್ಟಿದ ಹಾಡುಗಳು. ಅವುಗಳ ಸುತ್ತ ಯಾರ ಪ್ರೇಮವೂ, ಯಾರ ಸಾವೂ, ಯಾರ ಕಾಲೇಜು ದಿನಗಳೂ ಹೆಣೆದುಕೊಂಡಿರಲಿಲ್ಲ. ಜಾಹೀರಾತಿಗಾಗಿ ಹೊಸ ಹಾಡು ಮಾಡಿಕೊಡುವುದು ಕಸುಬು. ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಜನರ ಬದುಕಿನೊಳಗೆ ಆಗಲೇ ಬೇರುಬಿಟ್ಟ ಹಾಡನ್ನು ಕಿತ್ತು ಸರಕಿನ ಪಕ್ಕ ನೆಡುವುದು ಬೇರೆಯೇ ಕೆಲಸ. ಅಭಿಮಾನಿಗಳು ಈ ವ್ಯತ್ಯಾಸವನ್ನು ವಾದವಾಗಿ ಹೇಳಲು ತಡವರಿಸಬಹುದು, ಆದರೆ ಅವರ ನೋವು ಆ ವ್ಯತ್ಯಾಸವನ್ನು ಸರಿಯಾಗಿಯೇ ಗುರುತಿಸಿದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹೊಟ್ಟೆಪಾಡಿನದು. ಅಮೆರಿಕದಲ್ಲಿ ಧ್ವನಿಮುದ್ರಿತ ಸಂಗೀತದ ವಹಿವಾಟು 1999ರಲ್ಲಿ 1,400 ಕೋಟಿ ಡಾಲರ್ ದಾಟಿತ್ತು; 2014ರ ಹೊತ್ತಿಗೆ ಅದು ಅರ್ಧದಷ್ಟಕ್ಕೆ ಕುಸಿಯಿತು. ಪುಕ್ಕಟೆ ಡೌನ್‌ಲೋಡ್ ಮಾಡಿಕೊಂಡವರಲ್ಲಿ ಅಭಿಮಾನಿಗಳೂ ಇದ್ದರು. 1996ರ ದೂರಸಂಪರ್ಕ ಕಾಯ್ದೆ ರೇಡಿಯೊ ಕೇಂದ್ರಗಳ ಒಡೆತನದ ಮಿತಿಯನ್ನು ಸಡಿಲಿಸಿದ ಮೇಲೆ ಒಂದೇ ಕಂಪನಿ 1,200ಕ್ಕೂ ಹೆಚ್ಚು ಕೇಂದ್ರಗಳನ್ನು ನುಂಗಿತು. ಎಲ್ಲ ಊರಲ್ಲೂ ಒಂದೇ ಪಟ್ಟಿಯ ಹಾಡುಗಳು ಕೇಳಿಬಂದವು, ವಿಲ್ಕೋ ಥರದವರಿಗೆ ಬಾಗಿಲು ಮುಚ್ಚಿತು. ಬಾಗಿಲು ತೆರೆದರೂ ಸಿಗುವುದು ಕಡಿಮೆ. ಅಮೆರಿಕದ ಎಎಂ, ಎಫ್‌ಎಂ ಕೇಂದ್ರಗಳು ಹಾಡು ಬರೆದವರಿಗೆ ರಾಯಲ್ಟಿ ಕೊಡುತ್ತವೆಯೇ ಹೊರತು ಹಾಡಿದವರಿಗೆ, ನುಡಿಸಿದವರಿಗೆ ಕೊಡುವುದಿಲ್ಲ. ಈಗಿನ ಸ್ಟ್ರೀಮಿಂಗ್‌ನಲ್ಲಿ ಒಂದು ಸಲ ಕೇಳಿದರೆ ಕಲಾವಿದರ ಕಡೆಗೆ ಹೋಗುವುದು ಒಂದು ಸೆಂಟಿಗಿಂತ ಕಡಿಮೆ. ವರ್ಷಕ್ಕೆ ಸಾವಿರ ಸಲವಾದರೂ ಕೇಳಿರದ ಹಾಡಿಗೆ 2024ರಿಂದ ಸ್ಪಾಟಿಫೈ ಏನನ್ನೂ ಕೊಡುತ್ತಿಲ್ಲ. ಓಹಾಯೊದ ಬ್ಲ್ಯಾಕ್ ಕೀಸ್ ಎಂಬ ಇಬ್ಬರ ಬ್ಯಾಂಡ್, ಕೈಯಲ್ಲಿ ಕಾಸಿಲ್ಲದ ಆರಂಭದ ದಿನಗಳಲ್ಲಿ ಒಂದು ಮೇಯನೇಸ್ ಕಂಪನಿ ಮುಂದಿಟ್ಟ ಭಾರಿ ಮೊತ್ತವನ್ನು ಅಭಿಮಾನಿಗಳು ಏನೆಂದಾರೋ ಎಂಬ ಅಂಜಿಕೆಯಿಂದ ಬಿಟ್ಟುಕೊಟ್ಟಿತ್ತು. ಆಮೇಲೆ ಅದಕ್ಕಾಗಿ ಪೇಚಾಡಿ, ಮುಂದೆ ತಮ್ಮ ಹಾಡುಗಳನ್ನು ಧಾರಾಳವಾಗಿ ಜಾಹೀರಾತುಗಳಿಗೆ ಕೊಟ್ಟರು. ಈ ಆಕ್ಷೇಪಕ್ಕೆ ನನ್ನ ಬಳಿ ಪ್ರತ್ಯುತ್ತರವಿಲ್ಲ, ಒಪ್ಪಿಗೆಯಿದೆ. ಹಾಡಿಗೆ ಹಣ ಕೊಡದ ಕೇಳುಗ ಹಾಡುಗಾರನಿಂದ ತ್ಯಾಗವನ್ನು ಕೇಳುವಂತಿಲ್ಲ. ವಿಲ್ಕೋ ತೆಗೆದುಕೊಂಡ ತೀರ್ಮಾನ ರುಚಿಸದಿರಬಹುದು; ಅದನ್ನು ದ್ರೋಹವೆನ್ನುವುದು ಅನ್ಯಾಯ.

ಜಾಹೀರಾತು ಹಾಡನ್ನು ಕೆಡಿಸುವುದಷ್ಟೇ ಅಲ್ಲ, ಬದುಕಿಸುವುದೂ ಇದೆ ಎಂಬುದು ಮತ್ತೊಂದು ಮಾತು. ಇಂಗ್ಲೆಂಡಿನ ನಿಕ್ ಡ್ರೇಕ್ ಮೂರು ಆಲ್ಬಮ್ ಮಾಡಿ, ಒಂದೂ ಸರಿಯಾಗಿ ಮಾರಾಟವಾಗದೆ, 1974ರಲ್ಲಿ ಇಪ್ಪತ್ತಾರನೇ ವಯಸ್ಸಿಗೆ ತೀರಿಕೊಂಡವರು. ಅವರ 'ಪಿಂಕ್ ಮೂನ್' ಹಾಡನ್ನು ಕಾಲು ಶತಮಾನದ ನಂತರ ಫೋಕ್ಸ್‌ವ್ಯಾಗನ್ ಒಂದು ಜಾಹೀರಾತಿಗೆ ಬಳಸಿತು. ಬೆಳದಿಂಗಳ ರಾತ್ರಿ ನಾಲ್ವರು ಯುವಜನರು ಮೇಲ್ಛಾವಣಿ ಇಳಿಸಿದ ಕಾರಿನಲ್ಲಿ ಹೋಗುತ್ತಿದ್ದಾರೆ. ಗಿಟಾರು, ಮೆಲುದನಿ, ಮೇಲೆ ನಕ್ಷತ್ರ. ಪಾರ್ಟಿ ನಡೆಯುತ್ತಿರುವ ಮನೆ ಬರುತ್ತದೆ, ಗದ್ದಲ ಕೇಳುತ್ತದೆ. ಅವರು ಒಬ್ಬರ ಮುಖ ಒಬ್ಬರು ನೋಡಿ ಕಾರನ್ನು ಹಿಂದಕ್ಕೆ ತೆಗೆದು ಮತ್ತೆ ರಸ್ತೆಗಿಳಿಯುತ್ತಾರೆ. ಸರಕಿನ ಗುಣಗಾನ ಮಾಡುವ ಒಂದು ಮಾತೂ ಅದರಲ್ಲಿಲ್ಲ. ಹಾಡಿಗೆ ಉಸಿರಾಡಲು ಜಾಗ ಬಿಟ್ಟಿದ್ದರು. ಡ್ರೇಕ್ ರೆಕಾರ್ಡುಗಳ ಮಾರಾಟ ಹಲವು ಪಟ್ಟು ಏರಿತು, ಹೊಸ ಪೀಳಿಗೆಗೆ ಒಬ್ಬ ದೊಡ್ಡ ಕಲಾವಿದ ಸಿಕ್ಕಿದರು. ಲಂಡನ್ನಿನ ದ ಕ್ಲ್ಯಾಷ್ ಬ್ಯಾಂಡ್ ಒಡೆದ ಕೆಲವು ವರ್ಷಗಳ ಮೇಲೆ, 1991ರಲ್ಲಿ, ಅವರ ಹಳೆಯ ಹಾಡೊಂದು ಲೀವೈಸ್ ಜಾಹೀರಾತಿನಿಂದಾಗಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಒಟ್ಟಿಗಿದ್ದಾಗ ಅವರಿಗೆ ಆ ಸ್ಥಾನ ಸಿಕ್ಕಿರಲಿಲ್ಲ. ಇವು ನನ್ನ ವಾದವನ್ನು ಮುರಿಯುವ ಉದಾಹರಣೆಗಳಲ್ಲ. ಡ್ರೇಕ್ ಹಾಡನ್ನು ಬಲ್ಲವರೇ ಕೆಲವರು, ಉಳಿದವರಿಗೆ ಅದು ಸಿಕ್ಕ ವರ. ಕ್ಲ್ಯಾಷ್ ವಿಷಯ ಬೇರೆ: ಬಂಡಾಯದ ಬ್ಯಾಂಡೆಂದು ಅವರನ್ನು ಹಚ್ಚಿಕೊಂಡವರಿಗೆ ಆ ಗೆಲುವು ಕಹಿಯಾಗಿಯೇ ಇತ್ತು. ಒಂದೇ ಜಾಹೀರಾತು ಒಬ್ಬರಿಗೆ ಹಾಡನ್ನು ಕೊಡುತ್ತದೆ, ಇನ್ನೊಬ್ಬರಿಂದ ಕಸಿಯುತ್ತದೆ. ಹೀಗಿರುವಾಗ ಎಲ್ಲಕ್ಕೂ ಸಲ್ಲುವ ಸೂತ್ರ ಹುಡುಕುವುದು ವ್ಯರ್ಥ. ಪ್ರತಿ ಹಾಡಿನ ಮುಂದೆ ಯಾರಾದರೂ ಕೂತು ತೂಗಿ ನೋಡಲೇಬೇಕು. ಹಾಗೆ ತೂಗಲು ಅದನ್ನು ಕಟ್ಟಿದವರಿಗಿಂತ ಅರ್ಹರು ಇಲ್ಲ.

ತೂಗುವವರು ಕಲಾವಿದರೇ ಆದಾಗ ಉತ್ತರಗಳು ಎಷ್ಟು ಬಗೆಯಾಗಿರುತ್ತವೆ ನೋಡಿ. ಇಂಗ್ಲೆಂಡಿನ ಎಡಪಂಥೀಯ ಬ್ಯಾಂಡ್ ಚಂಬಾವಂಬಾ 2002ರಲ್ಲಿ ಜನರಲ್ ಮೋಟರ್ಸ್‌ಗೆ ಹಾಡು ಕೊಟ್ಟು, ಬಂದ ಹಣವನ್ನು ಕಂಪನಿಗಳ ಅಕ್ರಮ ಬಯಲಿಗೆಳೆಯುವ ಗುಂಪುಗಳಿಗೆ ದಾಟಿಸಿತು. ಟಾಮ್ ವೇಟ್ಸ್ ಹಾಡಲು ಒಪ್ಪುವುದೇ ಇಲ್ಲ ಎಂದು ತಿಳಿದು, ಡೊರಿಟೋಸ್ ಚಿಪ್ಸ್‌ನ ಜಾಹೀರಾತಿಗೆ ಅವರ ಗೊಗ್ಗರು ದನಿಯನ್ನು ಅನುಕರಿಸುವವರನ್ನು ಕರೆತಂದಾಗ ಅವರು ನ್ಯಾಯಾಲಯಕ್ಕೆ ಹೋದರು; ಸುಮಾರು 25 ಲಕ್ಷ ಡಾಲರ್ ಪರಿಹಾರ ಸಿಕ್ಕಿತು, 1992ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರ ಪರವೇ ನಿಂತಿತು. 2012ರಲ್ಲಿ ತೀರಿಕೊಂಡ ಬೀಸ್ಟೀ ಬಾಯ್ಸ್‌ನ ಆ್ಯಡಂ ಯಾಕ್, ತನ್ನ ಸಂಗೀತ ಜಾಹೀರಾತಿಗೆ ಬಳಕೆಯಾಗಕೂಡದೆಂದು ಉಯಿಲಿನಲ್ಲೇ ಬರೆದಿಟ್ಟರು. ಉಯಿಲಿನವರೆಗೆ ಹೋಗಬೇಕಾಗಿ ಬಂತೆಂದರೆ ಕಾನೂನಿನ ಆಸರೆ ಎಷ್ಟು ತೆಳುವೆಂದು ತಿಳಿಯುತ್ತದೆ. ಕೃತಿಯ ಒಡೆತನ ಕೈದಾಟಿದ ಮೇಲೂ ಅದನ್ನು ವಿರೂಪಗೊಳಿಸಿ ತನ್ನ ಗೌರವಕ್ಕೆ ಕುಂದು ತರುವುದನ್ನು ಕರ್ತೃ ತಡೆಯಬಹುದು ಎಂಬ ನಿಯಮ ಫ್ರಾನ್ಸಿನಲ್ಲಿದೆ, ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನಲ್ಲೂ ಇದೆ. ರಾಕ್ ಸಂಗೀತದ ದೊಡ್ಡ ಮಾರುಕಟ್ಟೆಯಾದ ಅಮೆರಿಕದಲ್ಲಿ ಇಂಥ ಹಕ್ಕು ಚಿತ್ರ, ಶಿಲ್ಪಗಳಿಗಷ್ಟೇ ಮೀಸಲು. ಸಂಗೀತಗಾರರಿಗೆ ಅಲ್ಲಿ ಉಳಿದಿರುವುದು ಕರಾರುಪತ್ರವೊಂದೇ.

ಆ ಕರಾರುಪತ್ರಗಳೇ ಈಗ ಕೈಬದಲಾಗುತ್ತಿವೆ. ಬಾಬ್ ಡಿಲನ್ ತಮ್ಮ ಹಾಡುಗಳ ಪ್ರಕಾಶನ ಹಕ್ಕನ್ನು 2020ರಲ್ಲಿ ಯೂನಿವರ್ಸಲ್‌ಗೆ ಮಾರಿದರು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 2021ರಲ್ಲಿ ತಮ್ಮ ಸಂಗ್ರಹವನ್ನು ಸೋನಿಗೆ ಕೊಟ್ಟರು. 2018ರಲ್ಲಿ ಲಂಡನ್ ಷೇರುಪೇಟೆಗೆ ಬಂದ ಹಿಪ್ನೋಸಿಸ್ ಎಂಬ ನಿಧಿ ಹಾಡುಗಳ ಹಕ್ಕುಗಳನ್ನೇ ರಾಶಿ ಹಾಕಿಕೊಂಡಿತು. 2024ರಲ್ಲಿ ಬ್ಲ್ಯಾಕ್‌ಸ್ಟೋನ್ ಎಂಬ ಹೂಡಿಕೆ ಸಂಸ್ಥೆ ಸುಮಾರು 160 ಕೋಟಿ ಡಾಲರಿಗೆ ಅದನ್ನು ಕೊಂಡುಕೊಂಡಿತು. ವಯಸ್ಸಾದ ಕಲಾವಿದರು ಮಕ್ಕಳು ಮೊಮ್ಮಕ್ಕಳಿಗೆಂದು ಆಸ್ತಿಯನ್ನು ನಗದು ಮಾಡಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಕೊಂಡವರು ಹಾಕಿದ ಬಂಡವಾಳವನ್ನು ವಾಪಸು ತೆಗೆಯಲೇಬೇಕು, ಅದಕ್ಕೆ ಜಾಹೀರಾತು ಒಂದು ಸಲೀಸಾದ ದಾರಿ. ವಿಲ್ಕೋ ಬಳಿ ಹೋಗಿ ಏಕೆ ಕೊಟ್ಟಿರಿ ಎಂದು ಕೇಳಬಹುದಿತ್ತು, ಅವರು ಉತ್ತರಿಸಿದರು ಕೂಡ. ಡೆನ್ಸ್‌ಮೋರ್‌ಗೆ ಆತ್ಮಸಾಕ್ಷಿ ಚುಚ್ಚಿತು. ಹೂಡಿಕೆ ನಿಧಿಗೆ ಯಾರ ಪ್ರಶ್ನೆಗೂ ಉತ್ತರಿಸುವ ಹೊಣೆಯಿಲ್ಲ. ಷೇರುದಾರರಿಗೆ ಲಾಭ ತಂದರೆ ಅದರ ಕೆಲಸ ಮುಗಿಯಿತು. 1987ರಲ್ಲಿ ಬೀಟಲ್ಸ್‌ಗೆ ಆದದ್ದು ಅಂದು ಅಪವಾದವೆನಿಸಿತ್ತು. ಹಕ್ಕುಗಳು ಹೀಗೆಯೇ ಕೈಬದಲಾಗುತ್ತ ಹೋದರೆ ಅದೇ ರೂಢಿಯಾಗುತ್ತದೆ.

ಆದ್ದರಿಂದ ಅಭಿಮಾನಿಯ ಸಿಟ್ಟು ಆರಬೇಕಿಲ್ಲ, ಅದರ ಗುರಿ ಬದಲಾಗಬೇಕು. ಬ್ಯಾಂಡ್ ಒಂದು ತಾನೇ ಯೋಚಿಸಿ ಹಾಡು ಕೊಟ್ಟಾಗ ಅದನ್ನು ಟೀಕಿಸೋಣ, ಬೇಕಾದರೆ ಬೇಸರದಿಂದ ದೂರ ಸರಿಯೋಣ. ಆದರೆ ಆ ತೀರ್ಮಾನ ಮಾಡುವ ಅಧಿಕಾರ ಅವರದ್ದೆಂದು ಒಪ್ಪೋಣ. ನಿಜವಾದ ಹೋರಾಟ ಮೂರು ಕಡೆ ನಡೆಯಬೇಕಾಗಿದೆ. ಹಕ್ಕು ಮಾರುವಾಗಲೂ ಜಾಹೀರಾತಿನ ಮಟ್ಟಿಗೆ ನನ್ನ ಒಪ್ಪಿಗೆ ಬೇಕು ಎಂಬ ಷರತ್ತನ್ನು ಪ್ರತಿ ಕಲಾವಿದ ಬರೆಸಿಕೊಳ್ಳುವಂತಾಗಬೇಕು. ಅದಿಲ್ಲದ ಕಡೆ ಕಾನೂನು ಆ ರಕ್ಷಣೆ ಕೊಡಬೇಕು. ಮೂರನೆಯದು ಕೇಳುಗರ ಪಾಲಿನದು: ಬೇಡ ಎನ್ನಲು ಧೈರ್ಯವಷ್ಟೇ ಸಾಲದು, ಸಂಪಾದನೆಯೂ ಇರಬೇಕು. ಟಿಕೆಟ್ ಕೊಂಡು ಕಛೇರಿಗೆ ಹೋಗುವವರು, ರೆಕಾರ್ಡ್ ಕೊಂಡು ಕೇಳುವವರು ಇರುವವರೆಗೆ ಕಲಾವಿದ ಕಾರು ಕಂಪನಿಯ ಚೆಕ್ಕನ್ನು ಹಿಂದಿರುಗಿಸಬಲ್ಲ. ಡೋರ್ಸ್‌ನ ನಾಲ್ವರು ತಮ್ಮೊಳಗೆ ಮಾಡಿಕೊಂಡ ಒಪ್ಪಂದ, ಒಬ್ಬರು ಸತ್ತು ಮೂವತ್ತು ವರ್ಷ ಕಳೆದ ಮೇಲೂ 1.5 ಕೋಟಿ ಡಾಲರನ್ನು ಬಾಗಿಲಲ್ಲೇ ತಡೆಯಿತು. ಅಂಥ ಒಪ್ಪಂದ ಒಂದು ಬ್ಯಾಂಡಿನ ಅದೃಷ್ಟವಾಗಿ ಉಳಿಯದೆ ಎಲ್ಲ ಹಾಡುಗಾರರ ಹಕ್ಕಾಗಬೇಕು. ಅಭಿಮಾನಿಗಳು ತಮ್ಮ ಸಿಟ್ಟನ್ನು ಹೂಡಬೇಕಾದದ್ದು ಈ ಬೇಡಿಕೆಯ ಹಿಂದೆ.